ಮೀನಿನ ಪಾಲು

ಏಳಲ್ಲ, ಆರಿರಬೇಕು; ಅಥವಾ ಹೊರಡುವಾಗ ಏಳಿದ್ದು ತಲುಪುವಾಗ ಆರಾಗಿತ್ತೋ ಏನೋ. ಬಕೆಟ್ಟಿನಲ್ಲಿ ಎಷ್ಟು ಮೀನುಗಳಿದ್ದವು ಎಂಬಷ್ಟು ಸಣ್ಣ ಸಂಗತಿಯೇ ನೆಟ್ಟಗೆ ನೆನಪಿಲ್ಲದವನು ಉಳಿದದ್ದನ್ನು ಹೇಳಹೊರಟರೆ ನಂಬಬೇಕೇ ಎಂಬ ಪ್ರಶ್ನೆಯನ್ನು ನಿಮಗಿಂತ ಮೊದಲು ನಾನೇ ಕೇಳಿಕೊಂಡಿದ್ದೇನೆ. ನೆನಪು ಒಳ್ಳೆಯ ಸಾಕ್ಷಿಯಲ್ಲ. ಅದು ನನ್ನ ಕಡೆಯ ಸಾಕ್ಷಿ. ಯಾವ ಪ್ರಶ್ನೆ ಬಂದರೂ ಮೊದಲು ನನ್ನ ಮುಖ ನೋಡಿ, ಆಮೇಲೆ ಬಾಯಿ ಬಿಡುತ್ತದೆ. ಆದ್ದರಿಂದ ಇಲ್ಲಿ ಕತೆ ಎಲ್ಲಿ ತೀರ ಸಲೀಸಾಗಿ ಹರಿಯುತ್ತದೆಯೋ ಅಲ್ಲಿ ನೀವು ಸ್ವಲ್ಪ ತಡೆದು ಓದಬೇಕು.

ಕೊಳದ ವಿಷಯ ಮಾತ್ರ ಖಚಿತ. ಹಾಸನದ ಸಾಲಗಾಮೆ ರಸ್ತೆಯ ಕಡೆ ನಾವು ಮನೆ ಕಟ್ಟಿಸಿದಾಗ ಇಂಗುಗುಂಡಿಗೆಂದು ತರಿಸಿದ ಸಿಮೆಂಟ್ ರಿಂಗುಗಳಲ್ಲಿ ಒಂದು ಮಿಕ್ಕಿತ್ತು. ಅದನ್ನು ಮುಂದಿನ ಕೈತೋಟದಲ್ಲಿ ಅರ್ಧ ಹೂಳಿಸಿ, ತಳಕ್ಕೆ ಕಾಂಕ್ರೀಟು ಹಾಕಿಸಿ, ಅಂಚಿಗೆ ಕಲ್ಲು ಜೋಡಿಸಿ, ಒಂದು ನೈದಿಲೆಯ ಗೆಡ್ಡೆ ನೆಟ್ಟೆ. ನೀರು ನಿಂತರೆ ಸೊಳ್ಳೆ, ಸೊಳ್ಳೆಗೆ ಮೀನು. ಪಿಯುಸಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳುವ ನನಗೆ ಈ ಸರಪಳಿ ಬಾಯಿಪಾಠ. ಸೊಳ್ಳೆಯ ಮರಿ ತಿನ್ನಲು ನಮ್ಮ ಕೆರೆಯ ಯಾವುದಾದರೂ ಬಣ್ಣಗೆಟ್ಟ ಪುಟ್ಟ ಮೀನು ಸಾಕಾಗಿತ್ತು. ನಾನು ತಂದದ್ದು ಗೋಲ್ಡ್‌ಫಿಶ್, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿ ತುಂಬಿ ರಬ್ಬರು ಬಿಗಿದು ಕೊಟ್ಟ, ಹೆಬ್ಬೆರಳುದ್ದದ, ಕಿತ್ತಳೆ ಸಿಪ್ಪೆಯ ಬಣ್ಣದ ಮರಿಗಳು. ಒಂದರ ಬಾಲ ಮಾತ್ರ ಬೆಳ್ಳಗೆ, ಒಗೆದು ಒಣಹಾಕಿದ ಮಸ್ಲಿನ್ ಬಟ್ಟೆಯಂತೆ ಇತ್ತು.

ಮೀನು ಸಾಕುವವನ ಸುಖ ಎಂಥದ್ದು ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಬಣ್ಣ, ಚಲನೆ, ಪ್ರಶಾಂತಿ ಎಂದು ಏನೇನೋ ಹೇಳುತ್ತಿದ್ದೆ. ಈಗ ಅನ್ನಿಸುತ್ತದೆ, ಅದು ದೂರು ಹೇಳದ ಪ್ರಾಣಿಯನ್ನು ಸಾಕುವ ಸುಖ. ಹೊತ್ತಿಗೆ ಸರಿಯಾಗಿ ಹುಲ್ಲು ಹಾಕದಿದ್ದರೆ ಹಸು ಅಂಬಾ ಎಂದು ಇಡೀ ಬೀದಿಗೆ ಕೇಳಿಸುತ್ತದೆ. ನಾಯಿ ನಮ್ಮ ತಪ್ಪನ್ನು ಕಣ್ಣಲ್ಲೇ ತೋರಿಸುತ್ತದೆ. ಮೀನಿನ ಮುಖದಲ್ಲಿ ಏನೂ ಬರೆದಿಲ್ಲ, ಆದ್ದರಿಂದ ಸಾಕಿದವನು ತನಗೆ ಬೇಕಾದದ್ದನ್ನು ಬರೆದುಕೊಳ್ಳಬಹುದು. ನನ್ನ ಚಪ್ಪಲಿಯ ಸದ್ದು ಕೇಳಿದೊಡನೆ ಅವು ಬಾಯಿ ತೆರೆದು ಮೇಲೆ ಬರುತ್ತಿದ್ದವು. ಅದನ್ನು ನಾನು ಪ್ರೀತಿ ಎಂದು ಓದಿಕೊಂಡೆ. ಮನೆಗೆ ಬಂದವರಿಗೂ ಓದಿ ಹೇಳಿದೆ. ಒಂದು ದಿನ ನನ್ನ ಹೆಂಡತಿ ಸುಮ ಅಂಗಳ ಗುಡಿಸುತ್ತಿದ್ದವಳು ನೀರಿನ ಮೇಲೆ ಪೊರಕೆ ಆಡಿಸಿದಳು. ಎಲ್ಲವೂ ಬಾಯಿ ತೆರೆದು ಬಂದವು.

"ನೋಡ್ರೀ, ನಿಮ್ಮ ಪ್ರೀತಿಯ ಮಕ್ಕಳು. ಪೊರಕೆಗೂ ಅಪ್ಪಾ ಅಂತಾವೆ."

ಮೂರು ವರ್ಷದಲ್ಲಿ ಅವು ಅಂಗೈಯಷ್ಟಾದವು. ರಿಂಗು ಸಾಲದಾಯಿತು, ನೀರು ವಾರಕ್ಕೇ ಹಸಿರುಗಟ್ಟತೊಡಗಿತು. ಅಷ್ಟರಲ್ಲಿ ಕಾರು ಬಂತು; ಅದನ್ನು ನಿಲ್ಲಿಸಲು ಇದ್ದ ಜಾಗವೆಂದರೆ ಕೊಳದ ಜಾಗ ಒಂದೇ. ಅಂಗಡಿಯವನು ಬೆಳೆದ ಮೀನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ. ಆಗ ಸುಮ, "ನಿಮ್ಮೂರ ಕಲ್ಯಾಣಿಗೆ ಬಿಟ್ಟು ಬನ್ನಿ" ಎಂದಳು. ಇಲ್ಲಿ ತಡೆಯಿರಿ. ಈ ವಾಕ್ಯ ಬರೆದ ಮೇಲೆ ಅವಳಿಗೆ ಓದಿ ಹೇಳಿದೆ. ಅವಳು ಕೈಯಲ್ಲಿದ್ದ ಚಾಕು ಕೆಳಗಿಟ್ಟು, "ನಾನು ಹೇಳಿದ್ದು ಯಾರಿಗಾದ್ರೂ ಕೊಟ್ಟುಬಿಡಿ ಅಂತ. ನಿಮ್ಮೂರಿನ ಹೆಸರೇ ನನ್ನ ಬಾಯಲ್ಲಿ ಬಂದಿಲ್ಲ. ಬೇಕಾದ್ರೆ ಆ ಸಾಲು ಹೊಡೆದು ಹಾಕಿ" ಎಂದಳು. ಹೊಡೆದು ಹಾಕಿಲ್ಲ. ನನ್ನ ಸಾಕ್ಷಿ ಯಾರ ಕಡೆಯವನು ಎಂಬುದಕ್ಕೆ ಸಾಕ್ಷಿಯಾಗಿ ಅದು ಇಲ್ಲೇ ಇರಲಿ.

ದುದ್ದದಿಂದ ಒಳಗೆ ಹೋದರೆ ನಮ್ಮೂರು, ಹೆಸರು ಬೇಡ. ಊರ ಮುಂದೆ ರಂಗನಾಥನ ಚಿಕ್ಕ ಗುಡಿ, ಅದರೆದುರು ನಾಲ್ಕೂ ಕಡೆ ಮೆಟ್ಟಿಲಿರುವ ಕಲ್ಯಾಣಿ. ಅದರ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ತಿನ್ನುವುದಿಲ್ಲ. ಅವು ದೇವರ ಮೀನು. ಬೂದಿಬಣ್ಣದ ಬೆನ್ನು, ಬೆಳ್ಳಿ ಹೊಟ್ಟೆ, ನೋಡಲು ಅಂಥ ಚೆಲುವೇನಿಲ್ಲ. ಮೈಮೇಲೆ ನರುಳ್ಳೆ ಎದ್ದವರು ಹರಕೆ ಹೊತ್ತು ಅವಕ್ಕೆ ಬೆಲ್ಲ ಹಾಕುತ್ತಾರೆ. ಇದರ ಜೊತೆಗೆ ದಿನನಿತ್ಯದ ಕ್ರಮವೊಂದಿದೆ: ನಮ್ಮ ಮನೆತನದಲ್ಲಿ ಬೆಳಗಿನ ಅಡುಗೆಯಾದೊಡನೆ, ಮನೆಯವರು ಕೈ ತೊಳೆಯುವ ಮೊದಲು, ಒಂದು ಹಿಡಿ ಅನ್ನ ಕಲ್ಯಾಣಿಗೆ ಹೋಗಬೇಕು. ಅದಕ್ಕೆ ಮೀನಿನ ಪಾಲು ಎನ್ನುತ್ತಾರೆ. ಅತ್ತೆಯಿಂದ ಸೊಸೆಗೆ ಬರುವ ಪಾಲು ಅದು. ನನ್ನ ಅಪ್ಪನ ಅಣ್ಣನ ಹೆಂಡತಿ ನಿಂಗಮ್ಮ, ನನ್ನ ದೊಡ್ಡವ್ವ, ಆ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಅದನ್ನು ಹಾಕುತ್ತ ಬಂದವಳು. ಎಪ್ಪತ್ತು ದಾಟಿದರೂ ಮೆಟ್ಟಿಲಿಳಿಯಲು ಯಾರ ಕೈಯನ್ನೂ ಹಿಡಿಯದವಳು. ಮೀನುಗಳನ್ನು ಅವಳು ಮುದ್ದು ಮಾಡುತ್ತಿರಲಿಲ್ಲ, ಗದರುತ್ತಿದ್ದಳು. "ಸರೀರಲಾ ಅತ್ಲಾಗೆ, ನಿನ್ನೆ ತಿಂದೋನೇ ಇವತ್ತೂ ಮುಂದ್ಕೆ ಬತ್ತೀಯ" ಎಂದು ಮೀನಿಗೆ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷ ಬೇಸಿಗೆಯ ಮೊದಲಿಗೆ, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ನಮ್ಮ ದಾಯಾದಿಯೊಬ್ಬರು ತೀರಿಕೊಂಡರು. ಮಣ್ಣು ಊರಿನ ಹೊಲದಲ್ಲೇ ಆಯಿತು. ದಾಯಾದಿಗಳಿಗೆಲ್ಲ ಹನ್ನೊಂದು ದಿನ ಸೂತಕ. ಅಷ್ಟು ದಿನ ಗುಡಿಯ ಕಡೆ, ಕಲ್ಯಾಣಿಯ ಕಡೆ ಸುಳಿಯುವಂತಿಲ್ಲ. ನಮ್ಮೂರಿನಲ್ಲಿ ದಾಯಾದಿಗಳೆಂದರೆ ಅರ್ಧ ಊರು, ಆದ್ದರಿಂದ ಐನೋರು ಬೆಳಗಿನ ಪೂಜೆ ಮುಗಿಸಿ ಬಾಗಿಲು ಹಾಕಿಕೊಂಡು ಹೋದರೆ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಮೂರನೆಯ ದಿನದ ಹಾಲುತುಪ್ಪಕ್ಕೆ ನಾನು ಹೋಗಲೇಬೇಕಿತ್ತು. ಹೇಗೂ ಹೋಗುತ್ತೇನಲ್ಲ ಎಂದು ಬಕೆಟ್ಟನ್ನೂ ಕಾರಿನಲ್ಲಿ ಇಟ್ಟುಕೊಂಡೆ.

ಈಗ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ. ಸೂತಕ ಮೈಲಿಗೆಗಳನ್ನು ನಾನು ನಂಬುವವನಲ್ಲ, ತರಗತಿಯಲ್ಲಿ ಅವನ್ನು ಲೇವಡಿ ಮಾಡಿ ಮಕ್ಕಳನ್ನು ನಗಿಸಿದವನು. ಆದರೆ ಆ ಮಧ್ಯಾಹ್ನ ಕಲ್ಯಾಣಿಯ ಬಳಿ ಯಾರೂ ಇರುವುದಿಲ್ಲವೆಂಬ ನನ್ನ ಧೈರ್ಯ ನಿಂತದ್ದು ಸೂತಕದ ಮೇಲೆಯೇ. ನಂಬದ ನಾನು ನಂಬುವವರ ನಂಬಿಕೆಯ ಮರೆಯಲ್ಲಿ ನಿಂತು ಕೆಲಸ ಮುಗಿಸಿಕೊಂಡೆ. ಹೊಲದಲ್ಲಿ ಹಸಿಮಣ್ಣಿನ ಮೇಲೆ ಹಾಲು ಹೊಯ್ದ ಅದೇ ಕೈಯಲ್ಲಿ ಬಕೆಟ್ಟು ಬಗ್ಗಿಸಿದೆ. ಕೆಂಪು ಮೀನುಗಳು ಒಂದು ಕ್ಷಣ ಮೆಟ್ಟಿಲ ಬಳಿ ಗುಂಪಾಗಿ ನಿಂತು, ನನ್ನ ನೆರಳಿಗೆ ಬಾಯಿ ತೆರೆದು, ಆಮೇಲೆ ಒಳಗೆ ಇಳಿದವು. ಒಳ್ಳೆಯ ಕೆಲಸ ಮಾಡಿದೆನೆಂಬ ಸಂತೋಷದಲ್ಲಿ ನನ್ನ ಕಣ್ಣು ತೇವವಾಗಿತ್ತು ಎಂಬ ನೆನಪೂ ಇದೆ. ಅದನ್ನು ನಾನು ನಂಬುವುದಿಲ್ಲ.

ಇನ್ನೊಂದು ನೆನಪಿದೆ, ಅದನ್ನು ನಂಬಬೇಕೋ ಬೇಡವೋ ತಿಳಿಯದು. ದಾರಿಯಲ್ಲಿ ದುದ್ದದ ಬಳಿ ಕಾರು ನಿಲ್ಲಿಸಿ, ಗಾಳಿಯಾಡಲೆಂದು ಬಕೆಟ್ಟಿನ ಮುಚ್ಚಳ ತೆಗೆದಾಗ, ಆ ಬಿಳಿಬಾಲದ ಮೀನಿನ ರೆಕ್ಕೆಯ ಮೇಲೆ ಉಪ್ಪಿನ ಹರಳು ಉದುರಿಸಿದಂತೆ ಸಣ್ಣ ಚುಕ್ಕೆಗಳು ಕಂಡವು. ಅವು ಏನೆಂದು ನನಗೆ ಗೊತ್ತು, ಪಾಠ ಮಾಡಿದ್ದೇನೆ. ಅದೊಂದು ಅಂಟುರೋಗ, ಒಂದು ನೀರಿನ ಮೀನಿನಿಂದ ಇನ್ನೊಂದು ನೀರಿನ ಮೀನಿಗೆ ಹತ್ತುತ್ತದೆ, ಹೊರಗಿನಿಂದ ತಂದ ಮೀನು ಕೆಲವೊಮ್ಮೆ ರೋಗವನ್ನು ತಾನು ತಡೆದುಕೊಂಡು, ಅಲ್ಲಿ ಮೊದಲೇ ಇದ್ದ ಮೀನನ್ನು ಕೊಲ್ಲುತ್ತದೆ. ಆದರೆ ಆ ಚುಕ್ಕೆಗಳನ್ನು ನಾನು ದುದ್ದದಲ್ಲೇ ಕಂಡೆನೇ, ಅಥವಾ ಆಮೇಲೆ ಬೇರೆ ಮೀನುಗಳ ಮೈಮೇಲೆ ಕಂಡದ್ದನ್ನು ತಂದು ಆ ಬಕೆಟ್ಟಿನಲ್ಲಿ ಹಾಕಿಕೊಂಡೆನೇ? ಕಂಡಿದ್ದರೆ ನಾನು ಗೊತ್ತಿದ್ದೂ ಮಾಡಿದವನು. ಕಾಣದಿದ್ದರೆ ಬರೀ ದಡ್ಡ. ದಿನಕ್ಕೊಂದು ಸಲ ನಾನು ದಡ್ಡನಾಗಲು ಪ್ರಯತ್ನಿಸುತ್ತೇನೆ.

ಎರಡು ದಿನ ಕಳೆದು ದೊಡ್ಡವ್ವ ಫೋನು ಮಾಡಿದಳು. ಅವಳು ಫೋನಿನಲ್ಲಿ ಮಾತಾಡುವುದೆಂದರೆ ಆಚೆ ದಡದವರನ್ನು ಕೂಗಿದ ಹಾಗೆ.

"ಲೋ ಮಗಾ, ಸ್ವಾಮಿ ಕಣ್ ಬುಟ್ಟವ್ನೆ ಕಣ್ಲಾ! ಕಲ್ಯಾಣೀಲಿ ಚಿನ್ನದ್ ಮೀನು! ನಾನೇ ಮೊದ್ಲು ನೋಡಿದ್ದು!"

"ಎಷ್ಟಿವೆ ದೊಡ್ಡವ್ವಾ?"

"ಥೂ ನಿನ್ನ, ದೇವ್ರದ್ದ ಯಾರಾದ್ರೂ ಎಣಿಸ್ತಾರಾ?"

ನಗು ತಡೆದುಕೊಂಡೆ. ಹೇಳಿಬಿಡಬಹುದಿತ್ತು, ಹೇಳಲು ಅದಕ್ಕಿಂತ ಸುಲಭದ ಗಳಿಗೆ ಮತ್ತೆ ಬರಲಿಲ್ಲ. ಆದರೆ ಅವಳ ದನಿಯಲ್ಲಿದ್ದ ಹಿಗ್ಗನ್ನು ಮುರಿಯುವುದು ಬೇಡವೆನ್ನಿಸಿತು ಎಂದು ನೆನಪು ಹೇಳುತ್ತದೆ. ಅದು ಅರ್ಧ ನಿಜ. ಉಳಿದರ್ಧ, ನನ್ನ ಕೈತೋಟದ ಮೀನು ದೇವರ ಪವಾಡವಾದದ್ದರಲ್ಲಿ ನನಗೊಂದು ಗುಟ್ಟಿನ ಬೀಗು. ಅದರ ನಡುವೆ ನನ್ನ ಬಾಯಿಂದ ಇನ್ನೊಂದು ಮಾತು ಬಂತು: "ಸೂತಕದಲ್ಲಿ ನೀನ್ಯಾಕೆ ಅಲ್ಲಿಗೆ ಹೋಗಿದ್ದೆ?" ಅದನ್ನು ಮೊದಲು ಕೇಳಿದವನು ನಾನೇ ಇರಬೇಕು. ದೊಡ್ಡವ್ವ ದನಿ ತಗ್ಗಿಸಿದಳು.

"ಹೂಂ ಕಣಪ್ಪಾ, ಗುಡಿ ಬಾಗ್ಲಾಕಿದ್ ಮ್ಯಾಲೆ ದಿನಾ ಓಗಿದ್ದೆ. ಇಂದ್ಲ ಮೆಟ್ಲಲ್ಲಿ ಇಳ್ದು ಹಾಕ್ಬುಟ್ಟು ಬತ್ತಿದ್ದೆ. ಸತ್ತೋನು ಸತ್ತ, ಮೀನ್ ಒಟ್ಟೆಗ್ಯಾವ ಸೂತಕ್ಲಾ? ಅನ್ನೊಂದ್ ದಿನ ಉಪಾಸ ಕೆಡವಕ್ಕಾಯ್ತದಾ?"

ಪವಾಡವನ್ನು ಮೊದಲು ಕಂಡವಳು ಅದನ್ನು ಬಾಯಲ್ಲಿಟ್ಟುಕೊಳ್ಳಲಾರದೆ ಊರಿಗೆಲ್ಲ ಸಾರಿ, ಅದರ ಜೊತೆಗೆ ತಾನು ಹೋಗಬಾರದ ದಿನ ಹೋಗಿದ್ದನ್ನೂ ಸಾರಿಬಿಟ್ಟಿದ್ದಳು. ಆಗ ಯಾರೂ ತಪ್ಪೆನ್ನಲಿಲ್ಲ. ಸೂತಕದವಳಿಗೂ ದರ್ಶನ ಕೊಟ್ಟನಲ್ಲ ಸ್ವಾಮಿ, ಎಂಥ ದೊಡ್ಡ ಮನಸ್ಸು ಎಂದರು. ಸುತ್ತಲ ಹಳ್ಳಿಯವರು ಬೈಕುಗಳಲ್ಲಿ ಬಂದು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದರು. ನನ್ನ ಮೀನಿನ ಫೋಟೋ ನನಗೇ ವಾಟ್ಸ್ಯಾಪಿನಲ್ಲಿ, ಹತ್ತು ಜನರಿಗೆ ಕಳಿಸಿದರೆ ಶುಭವೆಂಬ ಸೂಚನೆಯ ಸಹಿತ ಬಂತು. ಬಿಳಿ ಬಾಲ ಸ್ಪಷ್ಟವಾಗಿ ಕಾಣುತ್ತಿತ್ತು.

ಹದಿನೈದು ದಿನವಾಗಿತ್ತೋ, ಇಪ್ಪತ್ತೋ. ದೇವರ ಮೀನುಗಳು ಸಾಯತೊಡಗಿದವು. ದೊಡ್ಡವ್ವನ ಮಗ ಫೋನು ಮಾಡಿ, "ಅವ್ವ ಮೂರು ದಿನದಿಂದ ಸರಿಯಾಗಿ ಉಣ್ತಿಲ್ಲ, ಬಂದೋಗು" ಎಂದ. ನಾನು ಹೋದಾಗ ಕಲ್ಯಾಣಿಯ ಮೂಲೆಯಲ್ಲಿ ಬೆಳ್ಳಿಹೊಟ್ಟೆಗಳು ಮೇಲಾಗಿ ತೇಲುತ್ತಿದ್ದವು. ಕಾಗೆಗಳು ಒಂದೊಂದು ಮೆಟ್ಟಿಲಲ್ಲಿ ಒಂದೊಂದು ಕೂತಿದ್ದವು. ನಡುನೀರಿನಲ್ಲಿ ಕೆಂಪು ಮೀನುಗಳು ಮಾತ್ರ ಆರಾಮವಾಗಿ ಸುತ್ತುತ್ತಿದ್ದವು. ಬಗ್ಗಿ ಒಂದು ಸತ್ತ ಮೀನು ಎತ್ತಿ ನೋಡಿದೆ. ರೆಕ್ಕೆಯ ಮೇಲೆ ಉಪ್ಪಿನ ಹರಳು. ಇದನ್ನಂತೂ ಕಂಡೆ, ಇದರಲ್ಲಿ ಅನುಮಾನವಿಲ್ಲ.

ಮೆಟ್ಟಿಲ ಮೇಲೆ ಹತ್ತಾರು ಜನ ಸೇರಿದ್ದರು. ಗುಡಿ ಸಮಿತಿಯ ಕೆಂಪಣ್ಣ ಎಲ್ಲರ ಪರವಾಗಿ ಮಾತು ತೆಗೆದ. ಕೆಟ್ಟವನಲ್ಲ, ನಾಲ್ಕು ಜನರೆದುರು ಯಾವ ಮಾತನ್ನೂ ಅರ್ಧಕ್ಕೆ ಬಿಡಲಾರದವನು.

"ನಿಂಗಮ್ಮಕ್ಕ, ನೀವು ದೊಡ್ಡೋರು, ನಿಮ್ಗೆ ಯೋಳೋ ಅಂಗಿಲ್ಲ. ಆದ್ರೂ ಸೂತಕ್ದಾಗೆ ಬಂದಿದ್ದೆ ಅಂತ ನಿಮ್ ಬಾಯಲ್ಲೇ ಬಂದದ್ದಲ್ವಾ? ಸ್ವಾಮಿ ಚಿನ್ನ ಕೊಟ್ಟ. ನಾವು ಮೈಲ್ಗೆ ಕೊಟ್ವಿ. ತಾನ್ ಕೊಟ್ಟಿದ್ದ ಉಳ್ಸಿ, ಮೊದ್ಲು ಇದ್ದಿದ್ದ ಕಿತ್ಕಂಡ."

ಮೀನಿಗೂ ಮನುಷ್ಯರಿಗೂ ಒಂದೇ ಗದರಿಕೆಯಲ್ಲಿ ಉತ್ತರ ಕೊಡುತ್ತಿದ್ದ ದೊಡ್ಡವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಆಗ ಐನೋರು ನನ್ನ ಕಡೆ ತಿರುಗಿ, "ನೀವು ಓದಿದೋರು ಮೇಷ್ಟ್ರೇ, ನೀವಾದರೂ ಹೇಳಿ, ಇದು ಯಾತರಿಂದ?" ಎಂದರು.

ಅದು ನ್ಯಾಯವಾದ ಪ್ರಶ್ನೆ, ಉತ್ತರ ಗೊತ್ತಿದ್ದವನಿಗೇ ಹಾಕಿದ ಪ್ರಶ್ನೆ. ನಾನು ಗಂಟಲು ಸರಿ ಮಾಡಿಕೊಂಡು, ಬಿಸಿಲು ಹೆಚ್ಚಾದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ, ಇದರಲ್ಲಿ ಸೂತಕವೂ ಇಲ್ಲ ಪಾತಕವೂ ಇಲ್ಲ ಎಂದು ತರಗತಿಯ ದನಿಯಲ್ಲಿ ಹೇಳಿದೆ. ಅವಳನ್ನೂ ಉಳಿಸಿ ನನ್ನನ್ನೂ ಉಳಿಸಿಕೊಳ್ಳುವ ಉತ್ತರ ಅದು. ಒಂದೇ ಕೊಡೆಯಲ್ಲಿ ಇಬ್ಬರು ಹೋದರೆ ಯಾರು ಹೆಚ್ಚು ನೆನೆಯುತ್ತಾರೆಂಬುದು ಕೊಡೆ ಹಿಡಿದವನಿಗೆ ಗೊತ್ತಿರುತ್ತದೆ.

ಕೆಂಪಣ್ಣ ನಗಲಿಲ್ಲ, ನಿಧಾನವಾಗಿ ಕೇಳಿದ: "ಕೆಂಪ್ ಮೀನ್ಗೆ ಬ್ಯಾಡ್ವಾ ಸಾ ಆಮ್ಲಜನಕ?"

ಜನ ನಕ್ಕರು. ನನ್ನ ಬಳಿ ಉತ್ತರವಿತ್ತು. ಆ ಉತ್ತರ ಒಂದೇ ವಾಕ್ಯದ್ದು. ವಿಜ್ಞಾನದ ಲೆಕ್ಕದಲ್ಲಿ ತಪ್ಪು ನನ್ನದು; ಊರಿನ ಲೆಕ್ಕದಲ್ಲಿ ನೋಡಿದರೂ, ಹಾಲುತುಪ್ಪದ ಕೈಯಲ್ಲಿ ಕಲ್ಯಾಣಿ ಮುಟ್ಟಿದವನು ನಾನು. ಯಾವ ಕಡೆಯಿಂದ ಬಂದರೂ ಬೆರಳು ನನ್ನತ್ತಲೇ ತೋರಬೇಕಿತ್ತು. ಆದರೆ ಮೇಷ್ಟರನ್ನು ಯಾರೂ ನೀವೂ ದಾಯಾದಿಯಲ್ಲವೇ, ನೀವೆಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ದೊಡ್ಡವ್ವ ಮುಂದೆ ಬಂದು ನನ್ನ ತೋಳು ಮುಟ್ಟಿದಳು.

"ಬುಡ್ಲಾ ಮಗಾ. ನನ್ ಸಲ್ವಾಗಿ ನಿನ್ ಓದ್ನ ಯಾಕ್ ನಗೆಪಾಟ್ಲು ಮಾಡ್ಕತೀಯ. ತಪ್ಪು ನಂದೇ ಕಣ್ರಪ್ಪಾ. ಒಪ್ಕತೀನಿ."

ತಪ್ಪು ಕಾಣಿಕೆ ಕಟ್ಟಿಸಿದರು. ತಪ್ಪೊಪ್ಪಿದವರು ಒದ್ದೆ ಸೀರೆಯಲ್ಲಿ ಬಂದು, ಅರಿಶಿನದ ಬಟ್ಟೆಯ ಗಂಟನ್ನು ದೇವರೆದುರು ಇಟ್ಟು, ಮೂರು ಸಲ ಅಡ್ಡಬಿದ್ದು ಏಳಬೇಕು. ಮೂರನೆಯ ಸಲ ಏಳುವಾಗ ಅವಳು ನೆಲಕ್ಕೆ ಕೈಯೂರಿದಳು. ಮೀನಿನ ಪಾಲು ನಮ್ಮ ಮನೆತನದಿಂದ ಹೋಗಿ ಕೆಂಪಣ್ಣನ ಮನೆಗೆ ಬಂತು. ಈಗ ಆ ಮನೆಯ ಸೊಸೆ ಪ್ರತಿದಿನ ಬೆಳಗ್ಗೆ ನನ್ನ ಗೋಲ್ಡ್‌ಫಿಶ್‌ಗಳಿಗೆ ಅನ್ನ ಹಾಕುತ್ತಾಳೆ. ಅವು ಮರಿ ಮಾಡಿವೆ. ದೊಡ್ಡವ್ವನ ಸೊಸೆ ನನ್ನ ಬಳಿ ಹೇಳಿದ್ದೆಂದರೆ, ಅತ್ತೆ ಈಗಲೂ ಬೆಳಿಗ್ಗೆ ಅನ್ನದ ಪಾತ್ರೆಯ ಮುಚ್ಚಳ ತೆಗೆದು ಒಂದು ಹಿಡಿ ತೆಗೆಯುತ್ತಾಳಂತೆ; ಕೈ ಅಷ್ಟು ದೂರ ಹೋದ ಮೇಲೆ ನೆನಪಾಗಿ ವಾಪಸು ಹಾಕುತ್ತಾಳಂತೆ. ಐವತ್ತು ವರ್ಷಕ್ಕೂ ಮಿಕ್ಕಿ ಕಲಿತ ಕೈ ಒಂದು ದಿನದಲ್ಲಿ ಹೇಗೆ ಮರೆತೀತು?

ಹೇಳಲು ಎರಡು ವರ್ಷ ಬೇಕಾಯಿತು. ಹೋದ ಚಳಿಗಾಲ, ಅವರೆಕಾಯಿಯ ಕಾಲ. ದೊಡ್ಡವ್ವ ಜಗಲಿಯ ಮೇಲೆ ಕೂತು ನೆನೆಹಾಕಿದ ಅವರೆಕಾಳನ್ನು ಹಿಚುಕುತ್ತಿದ್ದಳು. ಬೇಳೆ ಒಂದು ಬೋಗುಣಿಗೆ, ಸಿಪ್ಪೆ ಒಂದು ಮೊರಕ್ಕೆ. ನಾನೂ ಎದುರು ಕೂತು ಹಿಚುಕತೊಡಗಿದೆ. ಕಣ್ಣು ಕಾಳಿನ ಮೇಲಿದ್ದರೆ ಬಾಯಿ ಸ್ವಲ್ಪ ಧೈರ್ಯ ಮಾಡುತ್ತದೆ. ಎಲ್ಲವನ್ನೂ ಹೇಳಿದೆ: ಸಿಮೆಂಟ್ ರಿಂಗು, ಕಾರು, ಬಕೆಟ್ಟು, ಹಾಲುತುಪ್ಪದ ಮಧ್ಯಾಹ್ನ, ಚುಕ್ಕೆ, ರೋಗ. ದೇವರ ಮೀನು ಸತ್ತದ್ದು ನಿನ್ನ ಅನ್ನದಿಂದಲ್ಲ, ನನ್ನ ಮೀನಿನಿಂದ ಎಂದೆ. ಅವಳ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಮುಗಿದ ಮೇಲೆ ತಲೆಯೆತ್ತಿ, ಹುಡುಗರ ತಂಟೆ ನೋಡಿ ನಗುವಂತೆ ನಕ್ಕಳು.

"ನೀನು ಚಿಕ್ಕೋನಿಂದ್ಲೂ ಇಂಗೇ ಕಣ್ಲಾ. ಯಾರಾರ ಅಳ್ತಾವ್ರೆ ಅಂದ್ರೆ ಸಾಕು, ಒಂದು ಕತೆ ಕಟ್ಬುಡೋನು. ಅವತ್ತು ಬಿಸ್ಲು ಅಂದೆ. ಇವತ್ತು ನಾನೇ ಅಂತೀಯ. ನಾಳೀಕೆ ಬಂದು ಕೆಂಪಣ್ಣ ಇಸ ಹಾಕ್ದ ಅಂದೀಯೋ ಏನೋ."

"ಇಲ್ಲ ದೊಡ್ಡವ್ವಾ, ನಿಜ."

"ಆಯ್ತು ಬುಡು, ನಿಜ. ನಿನ್ನಂಥ ಮಗ ಯಾರ್ಗವ್ನೆ? ದೊಡ್ಡವ್ವನ ಪಾಪ್ವ ತನ್ ತಲೆ ಮ್ಯಾಲೆ ಒತ್ಕಳಕ್ಕೆ ಆಸನದಿಂದ ಬಂದವ್ನೆ."

ಓದುವ ಗೆಳೆಯರೇ, ನನ್ನ ಜೇಬಿನಲ್ಲಿ ಆಗ ಫೋನಿತ್ತು. ಅದರಲ್ಲಿ ನಮ್ಮ ಮನೆಯ ಕೊಳದ ಫೋಟೋಗಳಿದ್ದವು, ಕಲ್ಲಿನ ಅಂಚು, ನೈದಿಲೆ, ಬಿಳಿ ಬಾಲ ಎಲ್ಲವೂ ಇದ್ದವು. ತೆಗೆದು ಅವಳ ಕಣ್ಣ ಮುಂದೆ ಹಿಡಿಯಲು ಎರಡು ಉಸಿರಿನ ಹೊತ್ತು ಸಾಕಾಗಿತ್ತು. ಕೈ ಒದ್ದೆಯಾಗಿತ್ತು, ಅವರೆಯ ಸೊಗಡು ಅಂಟಿತ್ತು ಎಂದು ನೆನಪು ಕೂಡಲೇ ಮುಂದೆ ಬಂದು ಹೇಳುತ್ತಿದೆ. ಕೈಯನ್ನು ಪಂಚೆಗೆ ಒರೆಸಿಕೊಳ್ಳಬಹುದಿತ್ತು. ನಾನು ಇನ್ನೊಂದು ಕಾಳು ಹಿಚುಕಿದೆ. ಮೈಯಿಂದ ಏನೋ ಇಳಿದು ಹೋದ ಹಾಗೆ ಹಗುರವಾಯಿತು. ಹೇಳಿದ್ದರಿಂದ ಬಂದ ಹಗುರವಲ್ಲ ಅದು, ಹೇಳಿದರೂ ನಂಬಲಿಲ್ಲವಲ್ಲ ಎಂಬ ಹಗುರ. ಮಾಡಿದ್ದಕ್ಕೆ ನಾಚುವುದು ಒಂದು ಬಗೆ. ಹಾಗೆ ಹಗುರವಾದದ್ದಕ್ಕೆ ನಾಚುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿದೆಯೋ ಇಲ್ಲವೋ, ಇದ್ದರೆ ನನಗೆ ತಿಳಿಸಿ.

ಸತ್ಯವನ್ನು ಹೇಳಿದರೆ ಮುಗಿಯಿತೆಂದು ನಾವು ತಿಳಿಯುತ್ತೇವೆ. ಆದರೆ ಸುಳ್ಳು ಮೊದಲೇ ಹೋಗಿ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರೆ, ತಡವಾಗಿ ಬಂದ ಸತ್ಯಕ್ಕೆ ಸಿಗುವುದು ಅದರ ಪಕ್ಕದ ಜಾಗವೇ. ನೋಡುವವರಿಗೆ ಎರಡೂ ಒಂದೇ ಮನೆಯ ನೆಂಟರು. ಅಲ್ಲದೆ ನಾನು ಹೇಳಬೇಕಾದದ್ದು ದೊಡ್ಡವ್ವನಿಗೆ ಒಬ್ಬಳಿಗೇ ಅಲ್ಲ. ಅವಳ ಪಾಲನ್ನು ತೆಗೆದವರು ಊರವರು, ಮರಳಿಸಬೇಕಾದವರೂ ಅವರೇ. ಕೆಂಪಣ್ಣನ ಮನೆ ಅಲ್ಲಿಂದ ನಾಲ್ಕು ಬಾಗಿಲಾಚೆ. ಆ ಸಂಜೆ ಅದರ ಮುಂದೆಯೇ ಕಾರು ತಿರುಗಿಸಿಕೊಂಡೆ. ಅವನು ಜಗಲಿಯಲ್ಲಿದ್ದ, "ಏನ್ ಸಾ, ಬಂದದ್ದೇ ಗೊತ್ತಾಗ್ಲಿಲ್ಲ, ಬನ್ನಿ ಕಾಪಿ ಕುಡ್ಕಂಡ್ ಓಗೀರಂತೆ" ಎಂದ. ಹೊತ್ತಾಯಿತು ಎಂದೆ. ಪಕ್ಕದ ಸೀಟಿನ ಮೇಲೆ ದೊಡ್ಡವ್ವ ಸುಮಳಿಗೆಂದು ಕಟ್ಟಿಕೊಟ್ಟ ಹಿತುಕಿದ ಬೇಳೆಯಿತ್ತು. ಮಾರನೆಯ ದಿನ ಸಾರಾಯಿತು. ಎರಡು ಸಲ ಬಡಿಸಿಕೊಂಡೆ.

ಇದನ್ನು ಅಚ್ಚಿಗೆ ಕೊಡುವುದೂ ಊರಿಗೆ ಹೇಳಿದಂತೆ ಆಗುವುದಿಲ್ಲ. ನಮ್ಮೂರಿನಲ್ಲಿ ಲಲಿತ ಪ್ರಬಂಧ ಓದುವವರಿಲ್ಲ ಎಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಬರೆಯುತ್ತಿದ್ದೇನೆಯೋ ಎಂಬ ಅನುಮಾನವನ್ನೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಇನ್ನು ಗೊತ್ತಿಲ್ಲದ್ದು. ದೇವರ ಮೀನುಗಳನ್ನು ಕೊಂದದ್ದು ನಾನು ತಂದ ರೋಗವೇ ಎಂದು ಯಾರೂ ಪರೀಕ್ಷಿಸಿ ಹೇಳಿಲ್ಲ. ಬಕೆಟ್ಟಿನ ಮುಚ್ಚಳ ತೆಗೆದಾಗ ಚುಕ್ಕೆ ಕಂಡಿದ್ದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಆ ಮಧ್ಯಾಹ್ನ ದೊಡ್ಡವ್ವ ಹಿಂದಿನ ಮೆಟ್ಟಿಲಲ್ಲಿ ಇದ್ದಳೋ, ಇದ್ದು ಎಲ್ಲವನ್ನೂ ನೋಡಿದ್ದಳೋ, ಗೊತ್ತಿಲ್ಲ. ಜಗಲಿಯ ಮೇಲೆ ಅವಳು ನನ್ನನ್ನು ನಂಬದೆ ನಕ್ಕಳೋ, ನಂಬಿಯೇ ನಕ್ಕಳೋ, ಅದೂ ಗೊತ್ತಿಲ್ಲ. ಕೇಳಿದರೆ ಹೇಳಿಯಾಳು. ನಾನು ಕೇಳಿಲ್ಲ.